ಹೊಸ್ತಿಲಿಗೆ ಪ್ರತಿಯಾಗಿ ಹನ್ನೊಂದು ಕಿಟಕಿ

ಬಸಕ್ಕನನ್ನು ಸಾಧು ಹೆಂಗಸು ಎನ್ನುವವರಿಗೆ ಅವಳು ಗೊತ್ತೇ ಇಲ್ಲ. ಇಳಕಲ್ಲಿನ ಈ ಹೆಣ್ಣುಮಗಳು ಜರ್ಮನಿಗೆ ಬಂದದ್ದು ಎರಡು ಸಾವಿರದ ಒಂದರಲ್ಲಿ, ಕಂಪ್ಯೂಟರ್ ಕೆಲಸದವರಿಗೆ ಆಗ ಅಲ್ಲಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕ ಗಂಡ ದುಂಡಪ್ಪನ ಹಿಂದೆ. ಅವನೂ ನನ್ನ ಗಂಡನೂ ಎಷ್‌ಬಾರ್ನ್ ಎಂಬ ಊರಿನ ಒಂದೇ ಆಫೀಸಿನವರು.

ಅವರಿಗೆ ಮನೆ ಸಿಕ್ಕಿದ್ದು ಹತ್ತಿರದ ಹಳೇ ಊರಿನ ಓಣಿಯಲ್ಲಿ. ಮುನ್ನೂರು ವರ್ಷದ, ಮರದ ಚೌಕಟ್ಟಿನ ಮನೆಗಳು. ಹಳೇ ಕಟ್ಟಡಗಳ ರಕ್ಷಣೆಗೆಂದೇ ಇರುವ ಡೆಂಕ್ಮಾಲಾಮ್ಟ್ ಎಂಬ ಸರ್ಕಾರಿ ಕಚೇರಿ ಕಾಪಾಡಿಕೊಂಡು ಬಂದ ಓಣಿ ಅದು; ಕೇಳದೆ ಒಂದು ಮೊಳೆ ಹೊಡೆಯುವಂತಿಲ್ಲ. ಬಸಕ್ಕನಿಗೆ ಇದನ್ನು ಯಾರು ಹೇಳಬೇಕು? ಮೊದಲ ದೀಪಾವಳಿಗೆ, ಊರಲ್ಲಿ ಮಾಡುವಂತೆಯೇ, ಕಲ್ಲಿನ ಹೊಸ್ತಿಲಿಗೆ ಕೆಂಪು ಆಯಿಲ್ ಪೇಂಟ್ ಬಳಿದು ಬಿಳಿ ರಂಗೋಲಿ ಎಳೆದಳು.

ಎದುರು ಮನೆಯ ಮುದುಕ ಬೆಕರ್ ಫೋಟೊ ತೆಗೆದು ಕಚೇರಿಗೆ ದೂರು ಕೊಟ್ಟ. ಬಾಗಿಲು ತಟ್ಟಿ ಒಂದು ಮಾತು ಹೇಳಿದ್ದರೆ ಅವಳೇ ಕೆರೆದು ತೆಗೆಯುತ್ತಿದ್ದಳು. ನೋಟಿಸು ಕಂಡ ಮನೆಯೊಡತಿ ಖಾಲಿ ಮಾಡಿ ಎಂದಳು. ಬಾಡಿಗೆಯವರನ್ನು ಹಾಗೆ ಓಡಿಸಲಾಗದೆಂಬ ಕಾನೂನು ನಮಗಾರಿಗೂ ಗೊತ್ತಿರಲಿಲ್ಲ. ಎಂಟು ತಿಂಗಳ ಬಸುರಿ ಹಿಮದಲ್ಲಿ ಗಂಟುಮೂಟೆ ಹೊತ್ತು ಹೊರಟಳು. ಬೆಕರ್ ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ.

“ಅಂವನ್ನ ಬಿಡಂಗಿಲ್ಲ ನೋಡ್ರಿ ವೈನಿ,” ಎಂದಳು ನನಗೆ. “ನಾ ಯಾರಂತ ಅಂವಗ ತಿಳೀಬೇಕು.”

ಹೆರಿಗೆಯಾಯಿತು. ಭಾಷೆಯ ಕ್ಲಾಸಿನಲ್ಲಿ ಉಳಿದವರು ತರಕಾರಿಯ ಹೆಸರು ಕಲಿತರೆ ಇವಳು ಕಚೇರಿಯ ನಿಯಮಗಳನ್ನು ಬಾಯಿಪಾಠ ಮಾಡಿದಳು. ಶನಿವಾರ ಬಂತೆಂದರೆ ಮಗಳನ್ನು ಕೂಸಿನ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಆ ಓಣಿಗೆ. ಮರದ ಕಿಟಕಿಯೇ ಇರಬೇಕಾದ ಬೆಕರ್‌ನ ಮನೆಯ ಹಿಂಬದಿಯಲ್ಲಿ, ಕಂದು ಬಣ್ಣ ಬಳಿದ ಹನ್ನೊಂದು ಪ್ಲಾಸ್ಟಿಕ್ ಕಿಟಕಿ! ತಪ್ಪುತಪ್ಪು ಜರ್ಮನ್‌ನಲ್ಲಿ ತಾನೇ ದೂರು ಬರೆದಳು. ನನಗೂ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಬೇಸಿಗೆಯಲ್ಲಿ ಕಚೇರಿಯವರು ಹನ್ನೊಂದನ್ನೂ ಕೀಳಿಸಿದರು. ಕಣ್ತುಂಬ ನೋಡಲೆಂದೇ ನಾವಿಬ್ಬರೂ ಹೋದೆವು. ಬೆಕರ್ ಗಾಡಿಯೊಳಗೆ ಬಗ್ಗಿ ಮಗು ಮುದ್ದಾಗಿದೆ ಎಂದ. ಬಸಕ್ಕ ಯಾರೆಂಬ ನೆನಪೇ ಅವನಿಗಿರಲಿಲ್ಲ. ದೂರು ಕೊಟ್ಟವರ ಹೆಸರನ್ನು ಕಚೇರಿ ಹೇಳಿರಲಿಲ್ಲ. ಪಕ್ಕದ ಮನೆಯ ಮುದುಕಿಯದೇ ಈ ಕೆಲಸ, ನಲವತ್ತು ವರ್ಷದ ಗೆಳೆತನ ಮುರಿದೆ, ಇನ್ನು ಅವಳ ಮುಖ ನೋಡುವುದಿಲ್ಲ ಎಂದು ಕಣ್ಣೊರೆಸಿಕೊಂಡ.

ನಾನು ಬಸಕ್ಕನ ಕೈ ಹಿಸುಕಿದೆ. ನಾವು ಸುಮ್ಮನಿದ್ದರೆ ಸಾಕು, ಅವನಿಗೆ ಕಿಟಕಿಯ ಜೊತೆ ಗೆಳತಿಯೂ ಹೋದಂತೆ. ಅವಳು ಕೈ ಕೊಡವಿ ಅವನದೇ ಭಾಷೆಯಲ್ಲಿ ನಿಧಾನವಾಗಿ ಹೇಳಿದಳು: “ಬರೆದವಳು ನಾನು. ನಿಮ್ಮ ಎದುರು ಮನೆಯಲ್ಲಿದ್ದ ಬಸುರಿ.”

ಅವನು ಪಕ್ಕದ ಮನೆಯ ಬಾಗಿಲ ಕಡೆ ನೋಡಿದ.

ವಾಪಸು ಬರುವಾಗ, ಯಾಕೆ ಹೇಳಿದೆ ಎಂದು ರೇಗಿದೆ.

“ಮತ್ತೇನ್ರಿ ವೈನಿ! ಅಷ್ಟ್ ಕಷ್ಟಪಟ್ಟು ಬರದಾಕಿ ನಾನು. ಅಂವನ ಶಾಪ ಆ ಮುದುಕಿಗ್ಯಾಕ ಹೋಗಬೇಕು? ಅದು ನಂದು.”