ಕೊಳವೆ ಮುಚ್ಚುವ ಕಟ್ಟೆ

ಕಟ್ಟಡಗಳ ನಕ್ಷೆ ಬರೆಯುವ ಆಕೆಗೆ ವಿಶ್ವವಿದ್ಯಾಲಯದವರು ಇಟ್ಟ ಅಡ್ಡಹೆಸರು ‘ಮೂಲೆ ಮೇಡಂ’. ಹೊಸ ಹಾಸ್ಟೆಲಿನ ಪ್ರತಿ ಸಭೆಯಲ್ಲೂ ಹುಡುಗಿಯರು ಸೇರಿ ಕೂರಲು ಒಂದು ಮೂಲೆ ಬೇಕೆಂದು ಹಟ ಹಿಡಿಯುತ್ತಿದ್ದುದೇ ಕಾರಣ. ತಾನು ಹಾಸ್ಟೆಲಿನಲ್ಲಿದ್ದು ಓದುವಾಗ ವರ್ಷವಿಡೀ ಪಕ್ಕದ ಕೋಣೆಯವಳ ಕೆಮ್ಮು ಕೇಳಿದ್ದಳೇ ಹೊರತು ಮುಖ ಕಂಡಿರಲಿಲ್ಲ. ಅಂಥ ಹಾಸ್ಟೆಲನ್ನು ತನ್ನ ಕೈಯಾರೆ ಕಟ್ಟಬಾರದೆಂಬುದು ಆಕೆಯ ಪಣ.

ಸಮಿತಿಯದು ಬೇರೆಯೇ ರಾಗ. ಮೊದಲು ಮಹಡಿಗೊಂದರಂತೆ ಇದ್ದ ಅಡುಗೆಕೋಣೆ ಹಾರಿಹೋಯಿತು.

“ಇಲ್ಲಿಗೆ ಓದೋಕೆ ಬರ್ತಾರೋ, ಸೌಟು ಹಿಡಿಯೋಕೋ?” ಎಂದರು ಕುಲಸಚಿವರು.

ಆಮೇಲೆ ನಡುವಿನ ಅಂಗಳವೂ ಹೋಯಿತು. ಅಲ್ಲಿ ಇನ್ನಷ್ಟು ಕೋಣೆ ಹಿಡಿಸುತ್ತವಂತೆ. ಉಳಿದದ್ದು ಉದ್ದನೆಯ ಓಣಿ, ಎರಡೂ ಕಡೆ ಬಾಗಿಲು.

“ಇದು ಹಾಸ್ಟೆಲ್ ಅಲ್ಲ ಸಾರ್, ಬೀರು! ಹುಡುಗೀರನ್ನ ಮಡಚಿಟ್ಟು ಬೀಗ ಹಾಕ್ಕೊಳ್ಳಿ.”

“ಕೆಳಗೆ ದೊಡ್ಡ ಹಾಲ್ ಇದೆಯಲ್ಲ ಮೇಡಂ?”

“ಅದು ನೀವು ಭಾಷಣ ಮಾಡೋಕೆ!”

ಮನೆಗೆ ಬಂದವಳೇ ನಕ್ಷೆಯ ಸುರುಳಿಯನ್ನು ಸೋಫಾದ ಮೇಲೆ ಎಸೆದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು, “ನೇರ ಕೇಳಿದ್ರೆ ಕೊಡದೋರ ಹತ್ರ ಸುತ್ತಿ ಬಳಸಿ ಕೇಳ್ಬೇಕಮ್ಮಾ. ನಿಮ್ಮ ಮಾವನ ಜೊತೆ ನಾನು ಜೀವನ ಎಲ್ಲ ಹಾಗೇ ಮಾಡಿದ್ದು” ಎಂದರು.

ಮುಂದಿನ ನಕ್ಷೆಯಲ್ಲಿ ‘ಮೂಲೆ’ ಎಂಬ ಮಾತೇ ಇರಲಿಲ್ಲ. ಪ್ರತಿ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಕೆಳಗೆ, ‘ನೀರಿನ ಕೊಳವೆ ಮುಚ್ಚುವ ಕಟ್ಟೆ’ ಎಂದಿತ್ತು. ಕೊಳವೆ ಮುಚ್ಚಬೇಡಿ ಎಂದು ಯಾರು ಹೇಳಿಯಾರು? ಸಹಿ ಬಿತ್ತು.

ಹಾಸ್ಟೆಲ್ ತೆರೆದ ಕೆಲವೇ ವಾರಕ್ಕೆ ವಾರ್ಡನ್ ಫೋನು. “ಮೇಡಂ, ಆ ಕಟ್ಟೆ ಒಡೆಸಿ. ಸಂಜೆಯಾದ್ರೆ ಹುಡುಗೀರ ಸಂತೆ. ಹಾಲ್‌ನಲ್ಲಿ ಒಂದು ನೊಣಾನೂ ಇಲ್ಲ.”

“ಧಾರಾಳವಾಗಿ ಒಡೆಸಿ. ಆಮೇಲೆ ಯಾರಿಗೂ ಸ್ನಾನಕ್ಕೆ ನೀರಿರಲ್ಲ.”

ವಾರ್ಡನ್ ಫೋನು ಇಟ್ಟುಬಿಟ್ಟರು.

ಹಿಗ್ಗಿ ಹೀರೇಕಾಯಿಯಾಗಿ ಮರುದಿನವೇ ನೋಡಲು ಹೋದಳು. ಕಟ್ಟೆಯ ತುಂಬ ಹುಡುಗಿಯರು. ಒಬ್ಬಳು ಪಾಠ ಒಪ್ಪಿಸುತ್ತಿದ್ದಳು; ಇನ್ನೊಬ್ಬಳು ಅಳುತ್ತಿದ್ದ ಗೆಳತಿಯ ಬೆನ್ನು ಸವರುತ್ತಿದ್ದಳು. ಆಕೆಯೂ ತುದಿಯಲ್ಲಿ ಕುಳಿತಳು.

“ಆಂಟಿ, ಸ್ವಲ್ಪ ಆ ಕಡೆ ಸರ್ಕೊಳ್ಳಿ” ಎಂದಳು ಪಕ್ಕದ ಹುಡುಗಿ. “ನೀವು ಯಾರ ಅಮ್ಮ?”

“ಯಾರ ಅಮ್ಮನೂ ಅಲ್ಲ. ಸುಮ್ನೆ ಕಟ್ಟಡ ನೋಡೋಕೆ ಬಂದೆ.”

“ನೋಡಿ ಮತ್ತೆ, ಎಂಥ ತಲೆ ಇಲ್ಲದೋರು ಕಟ್ಟಿದ್ದಾರೆ ಇದನ್ನ! ಇಷ್ಟು ಜನ ಕೂರ್ತೀವಿ, ಫೋನ್ ಚಾರ್ಜಿಗೆ ಒಂದು ಪ್ಲಗ್ ಇಲ್ಲ.”

ಆಕೆಗೆ ಮೈಯೆಲ್ಲ ಉರಿಯಿತು. ಈ ಕಟ್ಟೆಗಾಗಿ ತಾನು ಪಟ್ಟ ಪಾಡು ಇವರಿಗೇನು ಗೊತ್ತು? ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ಗೊಣಗುತ್ತಲೇ ಎದ್ದು ಮೆಟ್ಟಿಲಿಳಿಯುತ್ತ ಎಲೆಕ್ಟ್ರಿಷಿಯನ್‌ಗೆ ಫೋನು ಹಚ್ಚಿದಳು.

“ಒಂದು ಮಹಡಿಗೆ ಅಲ್ಲಪ್ಪ, ಎಲ್ಲಾದಕ್ಕೂ!” ಎಂದು ಅವನ ಮೇಲೇ ರೇಗಿದಳು.