ಒಂದು ಚಮಚ ಮೊಸರು ಸಕ್ಕರೆ

ಮನೆಯಿಂದ ದೊಡ್ಡ ಕೆಲಸಕ್ಕೆ ಹೊರಟವರನ್ನು ಬರಿ ಬಾಯಲ್ಲಿ ಕಳಿಸಲು ನನಗೆ ಎಂದೂ ಮನಸ್ಸು ಬಂದದ್ದಿಲ್ಲ. ಹೊಸ್ತಿಲ ಬಳಿ ನಿಲ್ಲಿಸಿ, ಒಂದು ಚಮಚ ಮೊಸರಿಗೆ ಚಿಟಿಕೆ ಸಕ್ಕರೆ ಕಲಸಿ ಬಾಯಿಗೆ ಹಾಕಿದ ಮೇಲೆಯೇ ಅವರಿಗೆ ಚಪ್ಪಲಿ ಮೆಟ್ಟುವ ಅಪ್ಪಣೆ. ಪರೀಕ್ಷೆಗೆ ಹೊರಟ ಮಗಳಿಗೆ, ಸಂದರ್ಶನಕ್ಕೆ ಹೊರಟ ಅಳಿಯನಿಗೆ, ಹೊಲದ ತಂಟೆಗಾಗಿ ಕೋರ್ಟಿಗೆ ಹೊರಟ ಮೈದುನನಿಗೆ, ಕಡೆಗೆ ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನಿಗೂ, ಅಂದು ಸಂಜೆ ಅವನು ಹೆಣ್ಣು ನೋಡಲು ಹೋಗುವವನಿದ್ದಾನೆಂದು ತಿಳಿದು, ನಾನು ಮೊಸರು ಸಕ್ಕರೆ ತಿನ್ನಿಸಿದ್ದೇನೆ. ಇದರಿಂದ ಯಾರ ಕೆಲಸ ಎಷ್ಟು ಕೈಗೂಡಿತೆಂದು ಕೇಳಬೇಡಿ. ಮೈದುನ ಆ ದಾವೆ ಸೋತ. ಆದರೂ ಕೈ ಈ ರೂಢಿಯನ್ನು ಬಿಡಲೊಲ್ಲದು. ನಿಮ್ಮ ಮನೆಯಲ್ಲಿಯೂ ಇಂಥದೇನಾದರೊಂದು ಇದ್ದೇ ಇರುತ್ತದೆ, ಇಲ್ಲವೆಂದರೆ ನಾನು ನಂಬುವವಳಲ್ಲ.

ನಾನು ಬೆಟಗೇರಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿವೃತ್ತಿಯಾದರೂ ಕೆಂಪು ಪೆನ್ನು ನಿವೃತ್ತವಾಗಲಿಲ್ಲ. ಅಂಗಡಿಯ ಫಲಕ, ಲಗ್ನಪತ್ರಿಕೆ, ಬಸ್ಸಿನ ಬೆನ್ನ ಮೇಲಿನ ಬರಹ, ಎಲ್ಲವನ್ನೂ ಮನಸ್ಸಿನಲ್ಲಿಯೇ ತಿದ್ದುತ್ತ ನಡೆಯುವುದು ನನ್ನ ಚಾಳಿ. ಇದನ್ನು ಬಲ್ಲ ಶೈಲಜಾ, ನಮ್ಮೂರಿನ ಒಂದು ಆಸ್ಪತ್ರೆಯ ನರ್ಸು, ನಮ್ಮ ಓಣಿಯವಳೇ, ಹೋದ ವರ್ಷ ಒಂದು ಹಾಳೆ ಹಿಡಿದು ಮನೆಗೆ ಬಂದಳು. ಶಸ್ತ್ರಚಿಕಿತ್ಸೆಗೆ ಬರುವವರು ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸುವ ಹಾಳೆ ಅದು. "ಅಕ್ಕೋರ, ನಮಗ ತಿಳಿದ್ಹಂಗ ಬರದೀವ್ರಿ, ಒಂಚೂರು ಛಂದ ಮಾಡಿ ಕೊಡ್ರಿ" ಎಂದಳು. "ಆಪರೇಷನ್ ದಿನ ಮುಂಜಾನೆ ಏನೂ ತಿನ್ನಬ್ಯಾಡ್ರಿ, ಚಾ ಸುದ್ದಾ ಕುಡಿಬ್ಯಾಡ್ರಿ" ಎಂದು ಅವಳು ಬರೆದಿದ್ದಳು. ನಾನು ಅದನ್ನು ಛಂದ ಮಾಡಿದೆ: "ಶಸ್ತ್ರಚಿಕಿತ್ಸೆಯ ಪೂರ್ವದಲ್ಲಿ ರೋಗಿಗಳು ಸಂಪೂರ್ಣ ನಿರಾಹಾರಿಗಳಾಗಿರತಕ್ಕದ್ದು." ಆ ವಾಕ್ಯ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿ, ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯ ಗೋಡೆಯನ್ನೇರಿತು. ನನಗೆ ಎಂಥ ಹಿಗ್ಗು ಆಗಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಗೋಡೆಯ ಕೆಳಗೆ ನಾನೇ ಕುಳಿತುಕೊಳ್ಳುವ ದಿನ ಬಂದದ್ದು ಮುಂಡರಗಿಯ ಅಕ್ಕನ ದೆಸೆಯಿಂದ. ಶಾಂತಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಉಂಡ ಮೇಲೆ ಬಲಪಕ್ಕೆಯಲ್ಲಿ ಎದ್ದ ನೋವು ಬೆನ್ನಿಗೆ ಹೋಗಿ ಅವಳನ್ನು ಮುದುಡಿಸಿ ಹಾಕುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲು ಎಂದರು ಡಾಕ್ಟರು. ಇದೇ ಬೇನೆ ನಮ್ಮ ಅವ್ವನಿಗೂ ಇತ್ತು. ಲಕ್ಷ್ಮೇಶ್ವರದಿಂದ ಅವಳನ್ನು ಹುಬ್ಬಳ್ಳಿಗೆ ಒಯ್ದಾಗ ಮನೆಯಲ್ಲಿ ಸೂತಕ ಹೊಕ್ಕಂತಾಗಿತ್ತು. ತಿಂಗಳ ಮೇಲೆ ಮರಳಿ ಬಂದ ಅವಳ ಹೊಟ್ಟೆಯ ಮೇಲೆ ಪಕ್ಕೆಯಿಂದ ಹೊಕ್ಕುಳಿನತನಕ ಹೊಲಿಗೆಯ ಗುರುತಿತ್ತು. ಈಗ ನಾಲ್ಕು ಸಣ್ಣ ತೂತು, ಒಂದರಲ್ಲಿ ಕ್ಯಾಮರಾ, ಸಂಜೆಗೆ ಎಬ್ಬಿಸಿ ಅಡ್ಡಾಡಿಸುತ್ತಾರೆ, ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ನಮ್ಮ ಕಡೆಯ ಜನ ಇದಕ್ಕೆ ದುರ್ಬೀನು ಆಪರೇಷನ್ ಎನ್ನುತ್ತಾರೆ. ವಿದ್ಯೆ ಎಷ್ಟು ಮುಂದೆ ಹೋಯಿತಲ್ಲ ಎಂದು ಬೆರಗಾಗುತ್ತೇನೆ, ಆ ಬೆರಗಿನ ಬೆನ್ನಿಗೇ ಹೆದರಿಕೆ ಬಂದು ಕೂರುತ್ತದೆ. ತೂತು ಸಣ್ಣದಾಯಿತೆಂದು ಹೆದರಿಕೆಯೇನೂ ಸಣ್ಣದಾಗಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ರೋಗಿಗಳಿಗೂ ಅವರ ಮನೆಯವರಿಗೂ ಶೈಲಜಾ ತಿಳಿವಳಿಕೆಯ ಪಾಠ ಮಾಡಿದಳು. ಮೂರು ಬಣ್ಣದ ಚೆಂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗೆ ಕೊಟ್ಟು, ಶ್ವಾಸಕೋಶಕ್ಕೆ ಬಲ ಬರಲೆಂದು ಉಸಿರೆಳೆದು ಚೆಂಡು ಏರಿಸಲು ಕಲಿಸಿದಳು. ಶಾಂತಕ್ಕ ಮುಂದಿನ ಸಾಲಿನಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, ಎರಡು ಚೆಂಡು ಏರಿಸಿ ಮಂದಹಾಸ ಬೀರಿದಳು. ನಾನೋ, ಗೋಡೆಯ ಮೇಲಿನ ನನ್ನ ವಾಕ್ಯದಲ್ಲಿ ಅಚ್ಚಿನವರು ಒತ್ತಕ್ಷರ ತಪ್ಪಿಸಿದ್ದಾರೆಯೇ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಪಾಠ ಕಿವಿಯ ಪಕ್ಕದಲ್ಲಿ ಹಾದುಹೋಯಿತು.

ರಾತ್ರಿ ನಮ್ಮ ಮನೆಯಲ್ಲೇ ಮಲಗಿ, ಮರುದಿನ ಬೆಳಿಗ್ಗೆ ಬೇಗ ಎದ್ದೆವು. ಆಟೋ ಬಾಗಿಲಿಗೆ ಬಂದು ನಿಂತಿತ್ತು. ಅಕ್ಕ ಹಸಿರು ಇಳಕಲ್ ಸೀರೆಯುಟ್ಟು, ದೇವರಿಗೆ ಕೈಮುಗಿದು, ಹೊಸ್ತಿಲ ಬಳಿ ಬಂದಳು. ನಾನು ಚಮಚ ಹಿಡಿದು ನಿಂತಿದ್ದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಬಾಯಿ ತೆರೆದಳು. ಇದಿಷ್ಟೇ ಆದದ್ದು. ಓದಿ ಬರೆದು, ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿ, ಆ ವಾಕ್ಯವನ್ನು ಕೈಯಾರೆ ಬರೆದ ನಾನು ಹಾಗೆ ಮಾಡುವಾಗ ನನ್ನ ತಲೆಯಲ್ಲಿ ಏನಿತ್ತೆಂದು ಕೇಳಿದರೆ, ಏನೂ ಇರಲಿಲ್ಲ. ಮೊಸರು ಸಕ್ಕರೆ ಆಹಾರವೆಂದು ನನಗೆ ಅನಿಸಲೇ ಇಲ್ಲ; ಅದು ಶಕುನ.

ಆಸ್ಪತ್ರೆಯಲ್ಲಿ ಅಕ್ಕನಿಗೆ ಹಸಿರು ನಿಲುವಂಗಿ ತೊಡಿಸಿ ಒಳಗಿನ ಕೋಣೆಗೆ ಒಯ್ದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದೆ, ಕುಳಿತೆ, ನೀರಿನ ನಲ್ಲಿಯ ತನಕ ಹೋಗಿ ನೀರು ಕುಡಿಯದೆ ಬಂದೆ, ಗೋಡೆಯ ಗಡಿಯಾರಕ್ಕೂ ಕೈಗಡಿಯಾರಕ್ಕೂ ತಾಳೆ ನೋಡಿದೆ. ಅದೇ ಹೊತ್ತಿಗೆ ಶೈಲಜಾ ಮರುದಿನದ ಸರದಿಯವರಿಗೆ ಪಾಠ ಶುರು ಮಾಡಿದಳು. ಕೇಳಿಸಿಕೊಳ್ಳಲು ಬೇರೆ ಏನೂ ಇರಲಿಲ್ಲವಾದ್ದರಿಂದ ಈ ಸಲ ಕಿವಿಗೊಟ್ಟೆ.

"ನಿಮ್ಮನ್ನ ಎಚ್ಚರಿಲ್ಲದ್ಹಂಗ ಮಲಗಸ್ತಾರ್ರಿ. ಆವಾಗ ಹೊಟ್ಟ್ಯಾಗಿಂದು ಮ್ಯಾಲ ಬಂದು ಶ್ವಾಸದಾಗ ಹೊಕ್ಕಿತಂದ್ರ ಜೀವಕ್ಕ ಧಕ್ಕಿ ಐತಿ. ಒಂದ ಗುಟುಕ ಚಾ ಕುಡದಿದ್ರೂ ಹೇಳಿಬಿಡ್ರಿ. ನಾವು ಬೈಯಂಗಿಲ್ಲ."

ಬೆಳಗಿನ ಚಮಚ ಆಗ ನೆನಪಾಯಿತು. ಒಂದೇ ಚಮಚ, ಒಂದು ಚಮಚಕ್ಕೆ ಏನಾದೀತು ಎಂದುಕೊಂಡೆ. ಅರ್ಧ ಚಮಚವೇ ಇದ್ದೀತು ಎಂದು ಮತ್ತೆ ಅಂದುಕೊಂಡೆ. ಹೇಳಿದರೆ ಆಪರೇಷನ್ ಮುಂದೆ ಹೋಗುತ್ತದೆ, ಇಂದು ರಾತ್ರಿಯೇ ನೋವು ಬಂದರೆ? ಇವೆಲ್ಲ ನೆಪ ಎಂಬುದು ನನಗೆ ಗೊತ್ತಿತ್ತು. ನಿಜವಾದ ಕಾರಣ ಗೋಡೆಯ ಮೇಲಿತ್ತು. ಇಲ್ಲಿ ಕುಳಿತ ಅರ್ಧ ಮಂದಿಗೆ ನಾನು ಪಾಠ ಹೇಳಿದ ಅಕ್ಕೋರು. ಆ ವಾಕ್ಯ ಬರೆದವಳೇ ಅದನ್ನು ಮುರಿದಳೆಂದು ಇವರೆದುರು ಹೇಗೆ ಹೇಳಲಿ? ಅಕ್ಕನ ಜೀವಕ್ಕೂ ನನ್ನ ಮಾನಕ್ಕೂ ನಡುವೆ ನಾನು ಅಷ್ಟು ಹೊತ್ತು ತೂಗಾಡಿದೆ, ಗೆಳೆಯರೇ. ಇಂದಿಗೂ ನಿದ್ದೆಗೆಡಿಸುವುದು ಆ ಚಮಚವಲ್ಲ, ಈ ತೂಗಾಟ.

ಅಷ್ಟರಲ್ಲಿ ಅಕ್ಕನನ್ನು ಗಾಲಿ ಮಂಚದ ಮೇಲೆ ಮಲಗಿಸಿ ನಮ್ಮ ಮುಂದಿನಿಂದಲೇ ತಂದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಅರಿವಳಿಕೆಯ ಡಾಕ್ಟರು, ಎಳೆಯ ವಯಸ್ಸಿನ ಹೆಣ್ಣುಮಗಳು, ಬಾಗಿ ಕೇಳಿದರು: "ಅಮ್ಮಾರ, ಮುಂಜಾನಿಂದ ಬಾಯಾಗ ಏನರ ಹಾಕ್ಕೊಂಡೀರೇನ್ರಿ?"

"ಏನೂ ಇಲ್ರಿ" ಎಂದಳು ಅಕ್ಕ. ಎಂದವಳು ನನ್ನತ್ತ ನೋಡಿದಳು.

ಬಾಗಿಲ ಒಂದು ಪಡಿ ಮುಚ್ಚತೊಡಗಿತ್ತು. "ತಡೀರಿ!" ಎಂದು ನಾನು ಕೂಗಿದ ಧ್ವನಿ ತರಗತಿಯ ಧ್ವನಿ, ಕುಳಿತವರೆಲ್ಲ ತಿರುಗಿ ನೋಡಿದರು. "ಸುಳ್ಳ್ರಿ ಅದು. ನಾನ ಮೊಸರು ಸಕ್ಕರಿ ತಿನ್ನಿಸೀನ್ರಿ. ಮನಿ ಬಿಡೂಮುಂದ. ನನ್ನ ಕೈಯಾರೆ."

ಡಾಕ್ಟರು ನೆಟ್ಟಗೆ ನಿಂತು, ಒಂದು ಉಸಿರು ಬಿಟ್ಟು, "ಹೇಳಿದ್ದು ಛಲೋ ಆತ್ರಿ, ನಾಳೆ ಮಾಡೋಣು" ಎಂದು ಮಂಚವನ್ನು ತಿರುಗಿಸಲು ಸನ್ನೆ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಅವರೆಲ್ಲರ ನಡುವೆ, ಕಾಪಿ ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ನಿಂತಿದ್ದೆ.

ಆಗ ಹಿಂದಿನ ಸಾಲಿನಿಂದ ಶಿಗ್ಲಿಯ ಒಬ್ಬ ರೈತ ಎದ್ದ. ಅವನ ತಾಯಿಯ ಸರದಿ ಅಕ್ಕನ ನಂತರದ್ದು. ಅವಳನ್ನಾಗಲೇ ಒಳಗಿನ ಕೋಣೆಗೆ ಒಯ್ದಿದ್ದರು. ತಲೆಯ ಟೋಪಿ ಕೈಗೆ ತೆಗೆದುಕೊಂಡು ಶೈಲಜಾಳ ಬಳಿ ಬಂದು, "ಸಿಸ್ಟರ್, ನಮ್ಮವ್ವಗೂ ಬಸ್ಟ್ಯಾಂಡಿನ್ಯಾಗ ಚಾ ಕುಡಿಸೀನ್ರಿ. ಬರೇ ಅರ್ಧ ಕಪ್ರಿ. ಅಕ್ಕೋರ ಹೇಳಿದ ಮ್ಯಾಲ ಧೈರ್ಯ ಬಂತು" ಎಂದ. ಶೈಲಜಾ ಕೈಯಲ್ಲಿದ್ದ ಹಾಳೆಗಳನ್ನು ಕುರ್ಚಿಯ ಮೇಲೆ ಹಾಕಿ ಒಳಗೆ ಓಡಿದಳು. ಗೋಡೆಯ ಮೇಲೆ ವರ್ಷಪೂರ್ತಿ ನಿಂತ ನನ್ನ ವಾಕ್ಯ ಆ ಮನುಷ್ಯನಿಗೆ ಏನನ್ನೂ ಹೇಳಿರಲಿಲ್ಲ. ಅದೇ ಸಂಜೆ ಅದನ್ನು ಇಳಿಸಿ, ಶೈಲಜಾ ಮೊದಲು ಬರೆದದ್ದನ್ನೇ ಹಾಕಲು ಹೇಳಿದೆ. "ಮೊಸರು ಸಕ್ಕರಿ ಸುದ್ದಾ ಬ್ಯಾಡ್ರಿ" ಎಂದು ಸೇರಿಸಲೂ ಹೇಳಿದೆ. ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ಅಕ್ಕ ವಾರ್ಡಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾಲ್ಕು ಮಂದಿಯೆದುರು ಅವಳನ್ನು ಸುಳ್ಳುಗಾರ್ತಿಯನ್ನಾಗಿ ಮಾಡಿದೆನೆಂದು ಸಿಟ್ಟಾಗಿರಬೇಕು ಎಂದುಕೊಂಡು, ಮಂಚದ ತುದಿಯಲ್ಲಿ ಕುಳಿತು ಅವಳ ಕಾಲು ಒತ್ತತೊಡಗಿದೆ.

"ತಪ್ಪಾತಕ್ಕ" ಎಂದೆ. "ತಿನ್ನಬಾರದು ಅನ್ನೂದು ನನಗ ಹೊಳಿಲೇ ಇಲ್ಲ."

"ನನಗ ಗೊತ್ತಿತ್ತು" ಎಂದಳು ಅಕ್ಕ.

ನನ್ನ ಕೈ ನಿಂತಿತು.

"ನಿನ್ನೆ ಆ ಹುಡಿಗಿ ಎಲ್ಲಾ ಬಿಡಿಸಿ ಹೇಳಿದ್ದಳಲ್ಲ, ಜೀವಕ್ಕ ಧಕ್ಕಿ ಅಂತ. ಕೇಳಿದ್ದೆ."

"ಗೊತ್ತಿದ್ದೂ ಯಾಕ ಬಾಯಿ ತಗದಿ?"

ಅವಳು ಹೊರಳಿ ನನ್ನ ಮುಖ ನೋಡಿದಳು. "ನಿನ್ನ ಕೈ ನಡಗಾಕ ಹತ್ತಿತ್ತು ಸರೋಜಾ" ಎಂದಳು. "ಬ್ಯಾಡ ಅಂದ್ರ ನೀ ಮತ್ತಿಷ್ಟು ಅಂಜ್ತಿದ್ದಿ."