ಗಂಟಲು ಕಟ್ಟಿದ ನಿರೂಪಕರು

ಅಂದು ಬೆಳಿಗ್ಗೆ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬಿಸಿಟ್ಟು, ಬ್ರೆಡ್ ತರಲು ಬೇಕರಿಗೆ ಹೋಗಿದ್ದೆ. ಕಾಕ್ಸ್ ಟೌನಿನ ನಮ್ಮ ಕೇಬಲ್ ಚಾನೆಲ್ಲಿನಲ್ಲಿ ರಾತ್ರಿಯ ಹರಟೆ ಕಾರ್ಯಕ್ರಮ ನಡೆಸುತ್ತಿದ್ದ ನಿರೂಪಕರು ಅಲ್ಲಿದ್ದರು. ಟೀವಿಯಲ್ಲಿ ಸೊಂಟದವರೆಗೆ ಮಾತ್ರ ಕಾಣುತ್ತಿದ್ದುದರಿಂದ ಕಾರ್ಯಕ್ರಮಕ್ಕೆ ಕೂತಾಗ ಮೇಲೆ ಕೋಟು, ಟೈ, ಕೆಳಗೆ ಲುಂಗಿ. "ಟೀವಿ ಆರಿಸ್ಬೇಡಿ, ಒಂದೇ ಒಂದು ಮಾತು" ಎಂದು ಕನ್ನಡಕವನ್ನು ಹಣೆಗೇರಿಸಿ ಮತ್ತೆ ಅರ್ಧ ಗಂಟೆ ಮಾತಾಡುತ್ತಿದ್ದರು. ತಮ್ಮ ಜೋಕಿಗೆ ತಾವೇ ನಕ್ಕು, ಮೇಜಿನ ಪ್ಲಾಸ್ಟಿಕ್ ಹೂಗಳ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಅಂದು ಬಾಯಿ ತೆರೆದರೆ ಬರೀ ಗಾಳಿ. ಗಂಟಲು ಕಟ್ಟಿಹೋಗಿತ್ತು.

"ರಾತ್ರಿ ಏನ್ ಮಾಡ್ತೀರಾ ಸಾರ್?" ಎಂದು ಬೇಕರಿಯವರು ಕೇಳಿದಾಗ ನಿರೂಪಕರ ಮುಖ ಸಣ್ಣದಾಯಿತು. ಒಂದು ರಾತ್ರಿಯೂ ಕಾರ್ಯಕ್ರಮ ತಪ್ಪಿಸಿದವರಲ್ಲ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಅಡುಗೆಮನೆಗಳೆಲ್ಲ ಆ ಗಂಟಲಿನ ಸೇವೆಗೆ ನಿಂತವು. ನಾನು ಮೆಣಸಿನ ಕಷಾಯ ಒಯ್ದೆ. ಪಕ್ಕದ ಮನೆಯ ಖಾಲಾ ಶುಂಠಿ, ಜೇನು ತಂದರು. ಮೂಲೆಮನೆಯ ಅಂಕಲ್ ಬ್ರಾಂದಿ ತಂದು, "ಔಷಧಿ ಅಷ್ಟೇ" ಎಂದು ಮೊದಲು ತಾವೇ ಒಂದು ಚಮಚ ಕುಡಿದು ತೋರಿಸಿದರು. ನಿರೂಪಕರು ಎಲ್ಲವನ್ನೂ ನುಂಗಿ, ಕೈಮುಗಿದು, "ಕ್ರ್" ಎಂದರು. ಅಷ್ಟೇ ಬಂದದ್ದು.

ಸಂಜೆ ಎದುರುಮನೆಯ ಫಿಲೋಮಿನಾ ಆಂಟಿ ಒಣಗಿದ ಬಟ್ಟೆ ಮಡಚುತ್ತಿದ್ದರು. "ಪಾಪ, ದನಿ ಇಲ್ದೆ ಪ್ರೋಗ್ರಾಂ ಹೇಗ್ ಮಾಡ್ತಾರೆ ಆಂಟಿ?" ಎಂದೆ.

"ಮಾಡ್ಲಿ ಬಿಡಮ್ಮ, ಅದಕ್ಕೇನೀಗ? ಮಕ್ಕಳು ಎದ್ಬಿಡ್ತಾರೆ ಅಂತ ನಮ್ಮನೇಲಿ ಯಾವತ್ತು ಟೀವಿ ಸೌಂಡ್ ಇಟ್ಟಿದ್ವಿ? ದಿನಾ ಹೊಟ್ಟೆ ಹಿಡ್ಕೊಂಡು ನಗ್ತಿಲ್ವಾ?"